ಮಲೆನಾಡಿನಿಂದ ಸ್ಪ್ಯಾನಿಷ್ ಪದವಿಗೆ: ಕನ್ನಡದ ದಾರಿ ಹಿಡಿದೇ ಹೋಗಿ

ಪಿಯುಸಿ ಆದಮೇಲೆ ಸ್ಪ್ಯಾನಿಷ್ ಓದುತ್ತೇನೆ ಅಂತ ಮನೆಯಲ್ಲಿ ಹೇಳಿ ನೋಡಿ. ಶಿವಮೊಗ್ಗ ಆಗಲಿ, ಸಾಗರ ಆಗಲಿ, ತೀರ್ಥಹಳ್ಳಿ ಆಗಲಿ, ಎರಡು ಪ್ರಶ್ನೆ ಗ್ಯಾರಂಟಿ. ಒಂದು, ಅದನ್ನು ಓದಿ ಏನು ಮಾಡ್ತೀಯಾ? ಇನ್ನೊಂದು, ಅದಕ್ಕೆ ಇಲ್ಲಿ ಟ್ಯೂಷನ್ ಎಲ್ಲಿದೆ? ಮೊದಲನೆಯದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದಕ್ಕೆ ಉತ್ತರ ಸುಲಭ. ಟ್ಯೂಷನ್ ಬೇಕಾಗಿಯೇ ಇಲ್ಲ. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಸ್ಪ್ಯಾನಿಷ್ ಬಿ.ಎ. ಆನರ್ಸ್ ಶುರುವಾಗುವುದೇ ಅಕ್ಷರ ಕಲಿಸುವುದರಿಂದ. ಒಂದಕ್ಷರ ಬಾರದವರೂ ಸೇರಬಹುದು, ಸೇರುತ್ತಾರೆ ಕೂಡ.

ಆದರೆ ಊರು ಬಿಡಬೇಕು, ಅದಂತೂ ಖಚಿತ. ಸ್ಪ್ಯಾನಿಷ್ ಆನರ್ಸ್ ಬೇಕಿದ್ದರೆ ನಾನು ಹೇಳುವ ಹೆಸರುಗಳು ಇವು: ದೆಹಲಿಯ ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾ, ಮತ್ತು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಅಂದರೆ ಇಫ್ಲು. ಜೆಎನ್‌ಯುದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಲ್ಯಾಟಿನ್ ಅಮೆರಿಕ ಅಧ್ಯಯನಕ್ಕೇ ಒಂದು ಕೇಂದ್ರ ಇದೆ, ಬೋಧನಾ ಶುಲ್ಕವೂ ತೀರಾ ಕಡಿಮೆ. ಹಿಂದಿ ಅಂದರೆ ಭಯ, ದೆಹಲಿ ಚಳಿ ಆಗಲ್ಲ, ಮನೆಗೆ ಬೇಗ ಬರುವ ಹಾಗಿರಬೇಕು ಅನ್ನುವವರಿಗೆ ಹೈದರಾಬಾದ್ ವಾಸಿ. ಓದಿನ ಮಟ್ಟದಲ್ಲಿ ಅದೇನೂ ಕಡಿಮೆ ಇಲ್ಲ.

ಊರು ಬಿಡಲು ಆಗುವುದೇ ಇಲ್ಲ ಅನ್ನುವವರೂ ಇರುತ್ತಾರೆ. ಅವರು ಇಲ್ಲೇ ಸಹ್ಯಾದ್ರಿ ಕಾಲೇಜಿನಲ್ಲೋ ಬೇರೆಲ್ಲೋ ತಮಗೆ ಬೇಕಾದ ಪದವಿ ಮಾಡಿಕೊಂಡು, ಜೊತೆಗೆ ಇಗ್ನೋದ ಸ್ಪ್ಯಾನಿಷ್ ಸರ್ಟಿಫಿಕೇಟ್ ಅಥವಾ ಸೆರ್ವಾಂತೆಸ್ ಸಂಸ್ಥೆಯ ಆನ್‌ಲೈನ್ ತರಗತಿ ಹಿಡಿಯಬಹುದು. ಈ ಸೆರ್ವಾಂತೆಸ್ ಸಂಸ್ಥೆ ಸ್ಪೇನ್ ಸರ್ಕಾರ 1991ರಲ್ಲಿ ಕಟ್ಟಿದ್ದು, ದೆಹಲಿಯಲ್ಲೂ ಇದೆ. ಬೆಂಗಳೂರಿನ ಕೆಲವು ಕಾಲೇಜುಗಳು ಪದವಿಯಲ್ಲಿ ಭಾಷಾ ವಿಷಯವಾಗಿ ಸ್ಪ್ಯಾನಿಷ್ ಕೊಡುತ್ತವೆ, ಅದೂ ಒಂದು ನಡುದಾರಿ. ಆದರೆ ವಾರಕ್ಕೆ ಮೂರ್ನಾಲ್ಕು ಗಂಟೆ ಓದುವುದಕ್ಕೂ ಆನರ್ಸ್‌ನಲ್ಲಿ ದಿನವಿಡೀ ಅದರಲ್ಲೇ ಮುಳುಗಿರುವುದಕ್ಕೂ ಅಜಗಜಾಂತರ. ಇದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ.

ಈಗ ಪ್ರವೇಶದ ವಿಷಯ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅನ್ನುವ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿದೆ. ಯಾವ ಕೋರ್ಸಿಗೆ ಯಾವ ಪತ್ರಿಕೆ ಬರೆಯಬೇಕು ಅನ್ನುವುದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಆದ್ದರಿಂದ ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಆ ವರ್ಷದ ಪ್ರಾಸ್ಪೆಕ್ಟಸ್ ತೆಗೆದು ನೀವೇ ಓದಿ. ಇಫ್ಲುದ ಪ್ರಕಟಣೆಯನ್ನು ಬೇರೆಯಾಗಿಯೇ ನೋಡಿ. ಇಂಗ್ಲಿಷ್ ಪತ್ರಿಕೆಯನ್ನಂತೂ ಚೆನ್ನಾಗಿ ತಯಾರು ಮಾಡಿಕೊಳ್ಳಿ.

ನಮ್ಮ ಕಡೆಯ ಮಕ್ಕಳು ಸೀಟು ಕಳೆದುಕೊಳ್ಳುವುದು ಅಂಕ ಕಡಿಮೆ ಬಂದು ಮಾತ್ರ ಅಲ್ಲ, ಕಾಗದಪತ್ರದಿಂದಲೂ ಹೌದು. ನಾಡಕಚೇರಿಯಲ್ಲಿ ಸಿಗುವ 2ಎ, 3ಎ, 3ಬಿ ಪ್ರಮಾಣಪತ್ರ ಕರ್ನಾಟಕದ ಒಳಗೆ ನಡೆಯುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಒಬಿಸಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಬೇಕು, ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಕೆನೆಪದರಕ್ಕೆ ಸೇರಿಲ್ಲ ಅನ್ನುವುದೂ ಅದರಲ್ಲಿ ಇರಬೇಕು. ರಾಜ್ಯದ ಪಟ್ಟಿ, ಕೇಂದ್ರದ ಪಟ್ಟಿ ಎರಡೂ ಒಂದೇ ಅಲ್ಲ. ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಪ್ರಮಾಣಪತ್ರದ್ದೂ ಇದೇ ಕಥೆ, ಚಾಲ್ತಿಯಲ್ಲಿರುವ ಹಣಕಾಸು ವರ್ಷದ್ದೇ ಆಗಬೇಕು. ಇದನ್ನೆಲ್ಲ ಮಳೆಗಾಲದಲ್ಲಿ ಕೌನ್ಸೆಲಿಂಗ್ ನಡೆಯುವಾಗ ಮಾಡಿಸುತ್ತೇನೆ ಅಂದುಕೊಂಡರೆ, ಕರೆಂಟಿಲ್ಲ, ಸರ್ವರ್ ಇಲ್ಲ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಅನ್ನುವುದರಲ್ಲೇ ಕೊನೆಯ ದಿನಾಂಕ ಮುಗಿದಿರುತ್ತದೆ. ಏಪ್ರಿಲ್ ಬಂದ ಕೂಡಲೇ ಮಾಡಿಸಿ. ಟಿ.ಸಿ., ಪಿಯು ಮಂಡಳಿಯ ಮೈಗ್ರೇಷನ್ ಸರ್ಟಿಫಿಕೇಟ್ ಜೊತೆಯಲ್ಲೇ ಇರಲಿ.

ಇನ್ನು ಭಾಷೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಈ ಒಂದು ಮಾತಿಗೆ: ಸ್ಪ್ಯಾನಿಷನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ಆಪ್‌ಗಳು, ಪಠ್ಯಪುಸ್ತಕಗಳು, ಅಂಗಡಿಯಲ್ಲಿ ಸಿಗುವ ನಿಘಂಟು, ಎಲ್ಲವೂ ಇಂಗ್ಲಿಷಿನವರಿಗಾಗಿ ಮಾಡಿದವು. ಅವರಿಗೆ ಕಷ್ಟವಾಗುವುದನ್ನು ಪುಟಗಟ್ಟಲೆ ವಿವರಿಸುತ್ತವೆ. ಅದರಲ್ಲಿ ಅರ್ಧ ನಮಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ.

ಉದಾಹರಣೆಗೆ, ಮೆ ಗುಸ್ತಾ ಎಲ್ ಕಫೇ. ನನಗೆ ಕಾಫಿ ಇಷ್ಟ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡುತ್ತವೆ, ಯಾಕೆಂದರೆ ಅವರಿಗೆ 'ನಾನು ಕಾಫಿಯನ್ನು ಇಷ್ಟಪಡುತ್ತೇನೆ' ಅನ್ನುವುದೇ ಸಹಜ. ನಮಗೆ 'ನನಗೆ' ಅಂತಲೇ ಬಾಯಿಗೆ ಬರುತ್ತದೆ, ಅಲ್ವಾ? ಮೆ ದುವೆಲೆ ಲಾ ಕಬೇಸಾ, ನನಗೆ ತಲೆ ನೋಯುತ್ತಿದೆ. ಪುಸ್ತಕ ಇಷ್ಟವಾಯಿತು, ಪುಸ್ತಕಗಳು ಇಷ್ಟವಾದವು ಅಂತ ನಾವು ಕ್ರಿಯಾಪದವನ್ನು ಪುಸ್ತಕಕ್ಕೆ ಹೊಂದಿಸುತ್ತೇವೆ. ಅವರೂ ಹಾಗೇ: ಮೆ ಗುಸ್ತೋ ಎಲ್ ಲೀಬ್ರೊ, ಮೆ ಗುಸ್ತಾರೊನ್ ಲೊಸ್ ಲೀಬ್ರೊಸ್.

ಕ್ರಿಯಾಪದದ ಬಾಲ ನೋಡಿಯೇ ಯಾರು ಅಂತ ಹೇಳುವುದೂ ನಮಗೆ ಹೊಸದಲ್ಲ. ಬಂದೆ, ಬಂದೆವು, ಬಂದರು ಅಂದಮೇಲೆ ನಾನು, ನಾವು, ಅವರು ಅಂತ ಬೇರೆ ಹೇಳಬೇಕಾಗಿಲ್ಲ. ಬೀನೆ, ಬಿನೀಮೊಸ್, ಬಿನ್ಯೇರೊನ್ ಅಂದಾಗಲೂ ಬೇಕಾಗಿಲ್ಲ. ಶಾಲೆಯ ಇಂಗ್ಲಿಷ್ ಅಭ್ಯಾಸಕ್ಕೆ ಬಿದ್ದು ಪ್ರತಿ ವಾಕ್ಯಕ್ಕೂ 'ಯೊ, ಯೊ' (ನಾನು, ನಾನು) ಅಂತ ಸೇರಿಸುವವರನ್ನು ಮೊದಲ ಸೆಮಿಸ್ಟರಿನಲ್ಲಿ ಬೇಕಾದಷ್ಟು ನೋಡಬಹುದು. ನೀನು, ನೀವು ವ್ಯತ್ಯಾಸಕ್ಕೆ ತು, ಉಸ್ತೇದ್ ಇವೆ. ಅರ್ಜೆಂಟೀನಾದಲ್ಲಿ ತು ಬದಲು ವೊಸ್ ಅನ್ನುತ್ತಾರೆ, ಅದಕ್ಕೆ ಕ್ರಿಯಾಪದದ ರೂಪವೂ ಸ್ವಲ್ಪ ಬೇರೆ. ಎಲ್ಲರೂ ಹೆದರುವ ಸಬ್‌ಜಂಕ್ಟಿವ್ ಕೂಡ ನಮಗೆ ಪೂರ್ತಿ ಅಪರಿಚಿತ ಅಲ್ಲ. 'ಮಳೆ ಬರಲಿ' ಅನ್ನುವಾಗ ನಾವು ನಡೆದದ್ದನ್ನು ಹೇಳುತ್ತಿಲ್ಲ, ಬಯಸಿದ್ದನ್ನು ಹೇಳುತ್ತಿದ್ದೇವೆ. ಕೆ ಯುವೇವಾ ಅನ್ನುವುದೂ ಅಷ್ಟೇ. ಅಲ್ಲಿಂದ ಶುರು ಮಾಡಿದರೆ ಮುಂದಿನದು ನಿಧಾನವಾಗಿ ಕೂರುತ್ತದೆ.

ಉಚ್ಚಾರಣೆಯಲ್ಲೂ ನಾವು ಮುಂದೆ ಇದ್ದೇವೆ, ಆದರೆ ಎರಡು ಕಡೆ ಕಾಲು ಜಾರುತ್ತದೆ. ಸ್ಪ್ಯಾನಿಷ್‌ನ ತ, ದ ನಮ್ಮ ತ, ದ ಇದ್ದ ಹಾಗೆಯೇ. ಇಂಗ್ಲಿಷ್ ಜೋರಿನಲ್ಲಿ ಟ, ಡ ಮಾಡಬೇಡಿ. ಮಹಾಪ್ರಾಣದ ಗೊಡವೆಯೇ ಇಲ್ಲ. ಒತ್ತಿ ಉರುಳಿಸುವ ರ್ರ ಬರಲ್ಲ ಅಂತ ತುಂಬಾ ಜನ ಕಣ್ಣೀರು ಹಾಕುತ್ತಾರೆ. ನಮಗೆ ಬುರ್ರನೆ, ಸರ್ರನೆ, ಗಿರ್ರನೆ ಇವೆಯಲ್ಲ! 'ಹಕ್ಕಿ ಬುರ್ರನೆ ಹಾರಿತು' ಅಂತ ನಾಲ್ಕು ಸಲ ಜೋರಾಗಿ ಹೇಳಿ, ಅದೇ ನಾಲಿಗೆಯಲ್ಲಿ ಪೆರ್ರೊ ಅನ್ನಿ. ಅದು ನಾಯಿ. ಬರೀ ಪೆರೊ ಅಂದರೆ 'ಆದರೆ'. ಇನ್ನು ಜಾರುವ ಜಾಗಗಳು. ಒಂದು, ನಾವು ಎರಡನ್ನು ಯೆರಡು, ಒಂದನ್ನು ವೊಂದು ಅಂತೇವೆ, ನಮಗೇ ಗೊತ್ತಾಗುವುದಿಲ್ಲ. ಅದೇ ರೂಢಿಯಲ್ಲಿ ಎಸ್ಪಾನ್ಯಾ ಹೋಗಿ ಯೆಸ್ಪಾನ್ಯಾ ಆಗುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಕನ್ನಡದಲ್ಲಿ ಪದದ ಯಾವ ಭಾಗಕ್ಕೆ ಒತ್ತು ಕೊಟ್ಟರೂ ಅರ್ಥ ಕೆಡುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಕೆಡುತ್ತದೆ. ಮೊದಲಿಗೆ ಒತ್ತು ಕೊಟ್ಟು ಆಬ್ಲೊ ಅಂದರೆ ನಾನು ಮಾತಾಡುತ್ತೇನೆ, ಕೊನೆಗೆ ಒತ್ತು ಕೊಟ್ಟು ಅಬ್ಲೋ ಅಂದರೆ ಅವನು ಮಾತಾಡಿದ. ಕಾಲವೂ ಬದಲಾಯಿತು, ಆಳೂ ಬದಲಾದ. ಹೊಸ ಪದ ಬರೆದುಕೊಳ್ಳುವಾಗಲೇ ಒತ್ತು ಬೀಳುವ ಜಾಗಕ್ಕೆ ಕೆಂಪು ಗೆರೆ ಎಳೆದುಕೊಳ್ಳಿ.

ನಿಜವಾಗಿ ಕಷ್ಟ ಕೊಡುವುದು ಲಿಂಗ. ಕನ್ನಡದಲ್ಲಿ ಮೇಜು, ಕುರ್ಚಿ ಎಲ್ಲ ಅದು, ಇದು. ಅಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಪದದ ಮುಂದೆ ಬರುವ ಎಲ್ ಗಂಡಿನ ಗುರುತು, ಲಾ ಹೆಣ್ಣಿನ ಗುರುತು. ತರ್ಕ ಹುಡುಕಬೇಡಿ. ಕೊನೆಯಲ್ಲಿ ಆ ಬಂದರೆ ಹೆಣ್ಣು ಅನ್ನುವ ಸೂತ್ರ ಎಲ್ ಮಾಪಾ (ನಕ್ಷೆ), ಎಲ್ ಪ್ರೊಬ್ಲೇಮಾ (ಸಮಸ್ಯೆ) ಬಂದಾಗ ಕೈ ಕೊಡುತ್ತದೆ. ಲಾ ಮಾನೊ ಅಂದರೆ ಕೈ, ಓ ಇದ್ದೂ ಹೆಣ್ಣು. ಎಲ್ ಅಥವಾ ಲಾ ಸೇರಿಸಿಯೇ ಬಾಯಿಪಾಠ ಮಾಡಿ. ಸೆರ್ ಮತ್ತು ಎಸ್ತಾರ್ ಅಂತ 'ಇರು'ವಿಗೆ ಎರಡು ಕ್ರಿಯಾಪದ ಇವೆ, ಅದನ್ನು ವಿವರಿಸಲು ಇಲ್ಲಿ ಹೋಗುವುದಿಲ್ಲ, ಮೊದಲ ವರ್ಷ ಪೂರ್ತಿ ಅದೇ ಇರುತ್ತದೆ.

ಕಿವಿ ತಯಾರು ಮಾಡುವುದಕ್ಕೆ ಮಲೆನಾಡಿನಷ್ಟು ಒಳ್ಳೆಯ ಜಾಗ ಇಲ್ಲ, ತಮಾಷೆಗೆ ಹೇಳುತ್ತಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ಕೈಗೆ ಕೆಲಸ, ಕಿವಿ ಖಾಲಿ. ಶಿವಮೊಗ್ಗಕ್ಕೆ ಹೋದಾಗಲೋ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೋ ಸ್ಪ್ಯಾನಿಷ್ ಪಾಡ್‌ಕಾಸ್ಟಿನ ಒಂದಷ್ಟು ಸಂಚಿಕೆ ಇಳಿಸಿಕೊಂಡು ಬನ್ನಿ. ಸ್ಪೇನಿನ ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿವಿಇಯ ರೇಡಿಯೊ ಕಾರ್ಯಕ್ರಮಗಳು ಪುಕ್ಕಟೆ ಸಿಗುತ್ತವೆ. ಲ್ಯಾಟಿನ್ ಅಮೆರಿಕದ ಕಥೆಗಳಿಗೆ ರೇಡಿಯೊ ಅಂಬುಲಾಂತೆ ಅನ್ನುವ ಪಾಡ್‌ಕಾಸ್ಟ್ ಇದೆ. ಮೊದಮೊದಲು ಒಂದು ಪದವೂ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ, ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದು ಕಿವಿಗೆ ಹತ್ತಿದರೆ ಸಾಕು. ಸ್ಪೇನಿನ ಉಚ್ಚಾರ ಕಲಿಯಬೇಕಾ, ಮೆಕ್ಸಿಕೊದ್ದಾ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಹೆಚ್ಚಾಗಿ ನಿಮ್ಮ ಮೇಷ್ಟ್ರದ್ದೇ ನಿಮಗೆ ಬರುತ್ತದೆ.

ಇಷ್ಟೆಲ್ಲ ಭಾಷೆಯ ಬಗ್ಗೆ ಹೇಳಿದೆ. ಆದರೆ ಪದವಿಯಲ್ಲಿ ಭಾಷೆ ಅರ್ಧ ಮಾತ್ರ, ಎರಡನೇ ವರ್ಷದಿಂದ ಚರಿತ್ರೆ, ಸಾಹಿತ್ಯ, ಸಂಸ್ಕೃತಿ ಜಾಸ್ತಿಯಾಗುತ್ತಾ ಹೋಗುತ್ತದೆ. ಫುಟ್‌ಬಾಲ್ ಇಷ್ಟ, ವೆಬ್ ಸರಣಿ ನೋಡಿ ಆಸಕ್ತಿ ಬಂತು ಅಂತ ಬಂದವರು ಅಲ್ಲಿ ತಡವರಿಸುತ್ತಾರೆ. ಸ್ಪ್ಯಾನಿಷ್ ಅಧಿಕೃತ ಭಾಷೆಯಾಗಿರುವ ಸ್ವತಂತ್ರ ದೇಶಗಳೇ 20 ಇವೆ, ಅದರಲ್ಲಿ ಒಂದು ಆಫ್ರಿಕಾದಲ್ಲಿದೆ, ಈಕ್ವಟೋರಿಯಲ್ ಗಿನಿ. ಎಲ್ಲರದ್ದೂ ಒಂದೇ ಸಂಸ್ಕೃತಿ ಅಂದುಕೊಂಡರೆ ಕೆಟ್ಟಿರಿ. ಸ್ಪೇನಿನ ಒಳಗೇ ಕ್ಯಾಟಲಾನ್, ಗಾಲಿಸಿಯನ್, ಬಾಸ್ಕ್ ಇವೆ, ಬಾಸ್ಕ್‌ಗೆ ಸ್ಪ್ಯಾನಿಷ್ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲ. ಪರಾಗ್ವೆಯಲ್ಲಿ ಗ್ವಾರಾನಿಗೂ ಅಧಿಕೃತ ಸ್ಥಾನ ಇದೆ. ಮನೆಯಲ್ಲಿ ಕೊಂಕಣಿಯೋ ತುಳುವೋ ಲಂಬಾಣಿಯೋ ಆಡಿ, ಪೇಟೆಯಲ್ಲಿ ಕನ್ನಡ ಆಡಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಸೇರುವ ಮೊದಲು ಕೆಲವು ಇಸವಿ ತಲೆಯಲ್ಲಿರಲಿ. 711ರಲ್ಲಿ ಉತ್ತರ ಆಫ್ರಿಕಾದಿಂದ ಮುಸ್ಲಿಂ ಸೈನ್ಯ ಐಬೀರಿಯಾಕ್ಕೆ, ಅಂದರೆ ಈಗ ಸ್ಪೇನ್, ಪೋರ್ಚುಗಲ್ ಇರುವ ಕಡೆಗೆ ಬಂತು. 1492ರಲ್ಲಿ ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಬಿತ್ತು, ಯಹೂದಿಗಳನ್ನು ಹೊರಹಾಕಿದರು, ಕೊಲಂಬಸ್ ಹೊರಟ, ನೆಬ್ರಿಹಾ ಬರೆದ ಕ್ಯಾಸ್ಟಿಲಿಯನ್ (ಅಂದರೆ ಸ್ಪ್ಯಾನಿಷ್) ವ್ಯಾಕರಣವೂ ಅದೇ ವರ್ಷ ಬಂತು. (ನಮ್ಮ ಕೇಶಿರಾಜ ಕನ್ನಡಕ್ಕೆ ವ್ಯಾಕರಣ ಬರೆದದ್ದು 13ನೇ ಶತಮಾನದಲ್ಲಿ. ಹಾಸ್ಟೆಲಿನಲ್ಲಿ ಜಂಬ ಕೊಚ್ಚಿಕೊಳ್ಳಲು ಬೇಕಾಗುತ್ತದೆ.) 1936ರಿಂದ 39 ಅಂತರ್ಯುದ್ಧ, ಆಮೇಲೆ 1975ರವರೆಗೆ ಫ್ರಾಂಕೊನ ಸರ್ವಾಧಿಕಾರ. ಆಚೆ ಕಡೆ, ಲ್ಯಾಟಿನ್ ಅಮೆರಿಕದಲ್ಲಿ, 1910 ಮೆಕ್ಸಿಕೊ ಕ್ರಾಂತಿ, 1959 ಕ್ಯೂಬಾ ಕ್ರಾಂತಿ, 1973 ಚಿಲಿಯ ಸೇನಾ ದಂಗೆ. ಇಷ್ಟು ಗೊತ್ತಿದ್ದರೆ ಸಾಹಿತ್ಯದ ಪಾಠದಲ್ಲಿ ದಿಕ್ಕು ತಪ್ಪುವುದಿಲ್ಲ.

ಸೆಮಿನಾರು, ಪ್ರಬಂಧ, ಮುಂದೆ ಎಂ.ಎ. ಅಥವಾ ವಿದ್ಯಾರ್ಥಿವೇತನಕ್ಕೆ ಬರೆಯುವ ಅರ್ಜಿ, ಇಲ್ಲೆಲ್ಲ ನಿಮ್ಮ ಊರನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ಪೇನಿನ ಫ್ಲಮೆಂಕೊ ಹಾಡು-ಕುಣಿತದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನೀವು ಕಾಫಿ ಬಗ್ಗೆ ಬರೆಯಿರಿ. ಚಿಕ್ಕಮಗಳೂರು ಕಡೆಯ ಅರೇಬಿಕಾ ತೋಟದಲ್ಲಿ ಚಂದ್ರಗಿರಿ ಅನ್ನುವ ತಳಿ ನೋಡಿರುತ್ತೀರಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 2007ರಲ್ಲಿ ಬಿಡುಗಡೆ ಮಾಡಿದ್ದು. ಅದರ ತಂದೆತಾಯಿಯಲ್ಲಿ ಒಂದು ಟಿಮೋರ್ ಹೈಬ್ರಿಡ್, ಇನ್ನೊಂದು ವಿಲ್ಲಾ ಸಾರ್ಚಿ, ಕೋಸ್ಟರಿಕಾದ ತಳಿ. ಎಲೆ ತುಕ್ಕು ರೋಗ ತಡೆಯಲಿ ಅಂತ ಮಾಡಿದ್ದು. ಅದೇ ತುಕ್ಕು, ಅವರ ಬಾಯಲ್ಲಿ ರೋಯಾ, 2012ರ ಹೊತ್ತಿಗೆ ಮಧ್ಯ ಅಮೆರಿಕದ ತೋಟಗಳನ್ನು ಹಾಳು ಮಾಡಿ ಎಷ್ಟೋ ಕೂಲಿಯವರ ಕೆಲಸ ಕಿತ್ತುಕೊಂಡಿತು. ಕೊಲಂಬಿಯಾದವರು ಅದೇ ಟಿಮೋರ್ ಹೈಬ್ರಿಡ್‌ನಿಂದ ಕಾಸ್ತಿಯ್ಯೊ ಅನ್ನುವ ತಳಿ ಮಾಡಿಕೊಂಡರು. ತೋಟದಲ್ಲಿ ಬೆಳೆದ ಹುಡುಗಿಯೊಬ್ಬಳು ಕೊಲಂಬಿಯಾದ ಬೆಳೆಗಾರರ ಸಂದರ್ಶನಗಳನ್ನು ಸ್ಪ್ಯಾನಿಷ್‌ನಲ್ಲೇ ಓದಿ ಇದನ್ನು ಬರೆದರೆ, ದೆಹಲಿಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬರೆಯಲು ಸಾಧ್ಯವೇ ಇಲ್ಲ. ವೆನಿಲಾವೂ ಅಷ್ಟೇ. 2003ರ ಸುಮಾರಿಗೆ ನಮ್ಮಲ್ಲಿ ಮನೆಮನೆಗೂ ವೆನಿಲಾ ಹುಚ್ಚು ಹಿಡಿದು ಆಮೇಲೆ ಬೆಲೆ ನೆಲಕಚ್ಚಿದ್ದನ್ನು ಮನೆಯ ಹಿರಿಯರನ್ನು ಕೇಳಿ. ಆ ಬಳ್ಳಿಯ ತವರು ಮೆಕ್ಸಿಕೊ, ವೆರಾಕ್ರುಸ್‌ನ ಪಪಾಂತ್ಲಾ ಕಡೆಯ ತೊತೊನಾಕ್ ಜನ ಬೆಳೆಸಿಕೊಂಡು ಬಂದದ್ದು.

ನಾಟಕದ ಕಡೆ ಒಲವಿದ್ದರೆ ಇನ್ನೂ ಒಳ್ಳೆಯದು. ಹೆಗ್ಗೋಡಿನ ನೀನಾಸಂನವರು ಊರೂರು ತಿರುಗಿ ನಾಟಕ ಆಡುವ ತಿರುಗಾಟವನ್ನು 1985ರಲ್ಲಿ ಶುರು ಮಾಡಿದರು. ಅದಕ್ಕೂ ಅರ್ಧ ಶತಮಾನ ಮೊದಲು, 1932ರಲ್ಲಿ, ಕವಿ ಗಾರ್ಸಿಯಾ ಲೋರ್ಕಾ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಲಾ ಬರ್ರಾಕಾ ಅನ್ನುವ ತಂಡ ಮಾಡಿ, ಸ್ಪೇನಿನ ಹಳ್ಳಿಗಳಲ್ಲಿ ಲೋಪೆ ದೆ ವೇಗಾ, ಕಾಲ್ದೆರೊನ್ ಅವರ ಹಳೆಯ ನಾಟಕಗಳನ್ನು ಆಡಿಸುತ್ತಿದ್ದ. 1936ರಲ್ಲಿ ಅವನನ್ನು ಕೊಂದರು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ಸಾಗರದ ಕಡೆಯವರಿಗಿಂತ ಸರಿಯಾದವರು ಯಾರು? ಭಾರತದ ನಂಟೇ ಬೇಕು ಅನ್ನುವವರಿಗೆ ಮೆಕ್ಸಿಕೊದ ಕವಿ ಒಕ್ತಾವಿಯೊ ಪಾಸ್ ಇದ್ದಾರೆ. 1962ರಿಂದ 68ರವರೆಗೆ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದರು, ಮೆಕ್ಸಿಕೊ ನಗರದ ತ್ಲಾತೆಲೋಲ್ಕೊದಲ್ಲಿ ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದಾಗ ಪ್ರತಿಭಟಿಸಿ ಹುದ್ದೆ ಬಿಟ್ಟರು, 1990ರಲ್ಲಿ ನೊಬೆಲ್ ಬಂತು.

ಪದವಿಯ ಜೊತೆಗೆ, ಸ್ಪ್ಯಾನಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಒಂದು ಪರೀಕ್ಷೆಯ ಪ್ರಮಾಣಪತ್ರ ಇರಬೇಕು. ಎರಡಿವೆ. ಡೆಲೆ ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಅಂತ ಇಲ್ಲ. ಸಿಯೆಲೆ ಕಂಪ್ಯೂಟರಿನಲ್ಲಿ ಬರೆಯುವಂಥದ್ದು, ಬೇಗ ಫಲಿತಾಂಶ ಬರುತ್ತದೆ, ಐದು ವರ್ಷ ನಡೆಯುತ್ತದೆ. ಡೆಲೆಯಲ್ಲಿ ಆರಂಭದ ಎ1ರಿಂದ ಎ2, ಬಿ1, ಬಿ2, ಸಿ1 ದಾಟಿ ಎಲ್ಲಕ್ಕಿಂತ ಮೇಲಿನ ಸಿ2ವರೆಗೆ ಆರು ಮಟ್ಟ. ಬಿ2 ಪರೀಕ್ಷೆಯಲ್ಲಿ ಓದು-ಬರಹ ಒಂದು ಗುಂಪು, ಕೇಳು-ಮಾತು ಇನ್ನೊಂದು ಗುಂಪು. ಎರಡಕ್ಕೂ 50 ಅಂಕ, ಎರಡರಲ್ಲೂ ಬೇರೆಬೇರೆಯಾಗಿ 30 ಬರಲೇಬೇಕು. ಓದು-ಬರಹದಲ್ಲಿ 48 ತೆಗೆದು ಕೇಳು-ಮಾತಿನಲ್ಲಿ 27 ಬಂದರೆ ಫೇಲು. ಪುಸ್ತಕ ಕಚ್ಚಿಕೊಂಡು ಕೂರುವ ನಮ್ಮ ಅಭ್ಯಾಸಕ್ಕೆ ಇದು ಸರಿಯಾದ ಏಟು. ಅದಕ್ಕೇ ಅಡಿಕೆ ಸುಲಿಯುವಾಗ ಕೇಳಿ ಅಂದದ್ದು.

ಸ್ಪೇನಿಗೇ ಹೋಗಿ ಓದಬೇಕು ಅನ್ನುವವರಿಗೆ: ಅಲ್ಲಿ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷ, ನಮ್ಮ ಪಿಯುಸಿಗೆ ಅಲ್ಲಿನ ಸರ್ಕಾರದ ಮಾನ್ಯತೆ ಪಡೆಯಬೇಕು. ನನ್ನ ಪ್ರಕಾರ ಇಲ್ಲಿ ಬಿ.ಎ. ಮುಗಿಸಿ ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವುದೇ ಜಾಣತನ. ಖರ್ಚು ಕಡಿಮೆ, ಭಾಷೆಯೂ ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಅಂಕಪಟ್ಟಿಗಳಿಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯುವ ದೃಢೀಕರಣದ ಮುದ್ರೆ ಬೇಕು, ಆಮೇಲೆ ಅಧಿಕೃತ ಅನುವಾದ ಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. 1218ರಲ್ಲಿ ಶುರುವಾದ ಸಲಮಾಂಕಾ ವಿಶ್ವವಿದ್ಯಾಲಯದ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಚೆಂದದ ಊರು, ಆದರೆ ಅದೊಂದೇ ಅಲ್ಲ, ಚಿಕ್ಕ ಊರುಗಳ ವಿಶ್ವವಿದ್ಯಾಲಯಗಳನ್ನೂ ನೋಡಿ, ಬಾಡಿಗೆ ಅಗ್ಗ.

ಈಗ ಆ ಮೊದಲ ಪ್ರಶ್ನೆ. ಓದಿ ಏನು ಮಾಡ್ತೀಯಾ? ಟಿಸಿಎಸ್ 2002ರಲ್ಲೇ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಕಚೇರಿ ತೆರೆದಿದೆ. ಹೀರೊ ಬೈಕಿನವರು 2015ರಲ್ಲಿ ಕೊಲಂಬಿಯಾದ ವಿಲ್ಲಾ ರಿಕಾದಲ್ಲಿ ಕಾರ್ಖಾನೆ ಹಾಕಿದರು. ನಮ್ಮ ಔಷಧ ಕಂಪನಿಗಳ ಮಾಲು ಲ್ಯಾಟಿನ್ ಅಮೆರಿಕಕ್ಕೆ ಹೋಗುತ್ತದೆ, ಆ ಕಾಗದಪತ್ರವನ್ನೆಲ್ಲ ಯಾರಾದರೂ ಸ್ಪ್ಯಾನಿಷ್‌ಗೆ ಮಾಡಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಗ್ರಾಹಕ ಸೇವೆ, ಲೆಕ್ಕಪತ್ರ, ಅನುವಾದ ಇವಕ್ಕೆಲ್ಲ ಭಾಷೆ ಗೊತ್ತಿರುವವರನ್ನು ಹುಡುಕುತ್ತಾರೆ. ಪಾಠ ಹೇಳುವ ಆಸೆ ಇದ್ದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಯುಜಿಸಿ ನೆಟ್‌ನಲ್ಲಿ ಸ್ಪ್ಯಾನಿಷ್ ಒಂದು ವಿಷಯವಾಗಿಯೇ ಇದೆ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ: ಬರೀ ಎ2 ಇಟ್ಟುಕೊಂಡು ಕೆಲಸ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಿ2 ಕನಿಷ್ಠ, ಅನುವಾದಕ್ಕಾದರೆ ಸಿ1. ಅದರ ಜೊತೆ ಟ್ಯಾಲಿಯೋ, ಎಕ್ಸೆಲ್ಲೋ, ಸಬ್‌ಟೈಟಲ್ ಹಾಕುವ ಕೆಲಸವೋ ಏನಾದರೂ ಒಂದು ಕೈಯಲ್ಲಿರಲಿ. ಎರಡನೇ ವರ್ಷದ ರಜೆಯಲ್ಲಿ ಊರಿಗೆ ಬಂದು ಸುಮ್ನೆ ಕೂರುವ ಬದಲು ಅದನ್ನು ಕಲಿತುಬಿಡಿ.